ಶಿಂಷಾ ನದಿಯ ಮೇಲ್ಕಣಿವೆ

ಶಿಂಷಾ ನದಿಯ ಮೇಲ್ಕಣಿವೆಯು ಕರ್ನಾಟಕದ ತುಮಕೂರು ಜಿಲ್ಲೆಯಲ್ಲಿ, ನದಿಯ ಉಗಮಸ್ಥಾನವಾದ ದೇವರಾಯನದುರ್ಗದಿಂದ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದವರೆಗೆ ಹರಡಿರುವ ಗ್ರಾಮೀಣ ಪ್ರದೇಶ. ಗುಬ್ಬಿ ಹಾಗೂ ತುರುವೇಕೆರೆ ತಾಲ್ಲೂಕುಗಳು ಇದರ ನಡುಭಾಗದಲ್ಲಿವೆ. ತಿಪಟೂರು, ಕುಣಿಗಲ್ ತಾಲ್ಲೂಕುಗಳ ಕೆಲವು ಭಾಗಗಳೂ ಇದಕ್ಕೆ ಹೊಂದಿಕೊಂಡಿವೆ. ಕಾವೇರಿಯ ಉಪನದಿಯಾದ ಶಿಂಷಾ ಇಲ್ಲಿ ವರ್ಷವಿಡೀ ತುಂಬಿ ಹರಿಯುವ ಹೊಳೆಯಲ್ಲ. ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಮರಳಾಗಿ ಉಳಿಯುವ ಹಳ್ಳ. ಆದ್ದರಿಂದ ಇಲ್ಲಿನ ಜನಜೀವನವು ನದಿಯ ದಡಕ್ಕಿಂತ ಹೆಚ್ಚಾಗಿ, ನದಿಗೂ ಅದರ ಹಳ್ಳಗಳಿಗೂ ಅಡ್ಡಲಾಗಿ ಕಟ್ಟಿದ ಕೆರೆಗಳ ಸುತ್ತ ಬೆಳೆದುಬಂದಿದೆ. ಕೆರೆಯ ನೀರು, ತೆಂಗಿನ ತೋಟ ಮತ್ತು ರಾಗಿಯ ಹೊಲ ಈ ಮೂರೂ ಸೇರಿ ರೂಪಿಸಿದ ಈ ಸೀಮೆಯನ್ನು ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನೊಡನೆ ಸೇರಿಸಿ ‘ಕಲ್ಪತರು ನಾಡು’ ಎಂದು ಕರೆಯುವ ರೂಢಿಯಿದೆ.

ಹೆಸರು

ನದಿಯ ಹೆಸರು ಕನ್ನಡದಲ್ಲಿ ಶಿಂಷಾ, ಶಿಂಶಾ, ಶಿಂಷೆ ಎಂಬ ರೂಪಗಳಲ್ಲಿ ಬಳಕೆಯಲ್ಲಿದೆ. ಇದಕ್ಕೆ ಕದಂಬ ನದಿ ಎಂಬ ಹಳೆಯ ಹೆಸರೂ ಇದೆ. ಗುಬ್ಬಿ ತಾಲ್ಲೂಕಿನ ಕಡಬ ಗ್ರಾಮದ ಸ್ಥಳಪುರಾಣವು ಊರಿನ ಹೆಸರನ್ನು ಕದಂಬ ಋಷಿಯೊಂದಿಗೂ, ಅಲ್ಲಿನ ದೊಡ್ಡ ಕೆರೆಯನ್ನು ಶ್ರೀರಾಮನೊಂದಿಗೂ ಜೋಡಿಸುತ್ತದೆ. ಪುರಾಣವನ್ನು ಇತಿಹಾಸವೆಂದು ತಿಳಿಯಬೇಕಾಗಿಲ್ಲ. ಆದರೆ ಕೆರೆ ಕಟ್ಟಿದ ಕಾರ್ಯವನ್ನು ದೇವರ ಹೆಸರಿಗೆ ಒಪ್ಪಿಸುವಷ್ಟು ಜನ ಅದನ್ನು ದೊಡ್ಡದೆಂದು ಭಾವಿಸಿದ್ದರು ಎಂಬುದು ಇದರಿಂದ ತಿಳಿಯುತ್ತದೆ.

ಭೂಗೋಳ

ನದಿಯ ಹರಿವು

ಶಿಂಷಾ ನದಿಯು ತುಮಕೂರು ನಗರಕ್ಕೆ ಸಮೀಪದ ದೇವರಾಯನದುರ್ಗ ಬೆಟ್ಟದ ದಕ್ಷಿಣ ಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 914 ಮೀಟರ್ ಎತ್ತರದಲ್ಲಿ ಹುಟ್ಟುತ್ತದೆ. ಗುಬ್ಬಿ ತಾಲ್ಲೂಕನ್ನು ಹಾದು ಕಡಬದ ಕೆರೆಯನ್ನು ತುಂಬಿಸಿ, ತುರುವೇಕೆರೆ ತಾಲ್ಲೂಕಿನ ಮೂಲಕ ದಕ್ಷಿಣಕ್ಕೆ ಸಾಗಿ, ಕುಣಿಗಲ್ ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಮಂಡ್ಯ ಜಿಲ್ಲೆಯನ್ನು ಪ್ರವೇಶಿಸಿ, ಮದ್ದೂರು ಪಟ್ಟಣದ ಪಕ್ಕದಲ್ಲಿ ಹರಿದು, ಮಳವಳ್ಳಿ ತಾಲ್ಲೂಕಿನಲ್ಲಿ ಜಲಪಾತವಾಗಿ ಧುಮುಕಿ ಕಾವೇರಿಯನ್ನು ಕೂಡುತ್ತದೆ. ನದಿಯ ಒಟ್ಟು ಉದ್ದ ಸುಮಾರು 221 ಕಿಲೋಮೀಟರ್. ಜಲಾನಯನ ಪ್ರದೇಶ ಸುಮಾರು 8,469 ಚದರ ಕಿಲೋಮೀಟರ್. ವೀರವೈಷ್ಣವಿ, ಕಣ್ವ, ಹೆಬ್ಬಹಳ್ಳ, ಮುಳ್ಳಹಳ್ಳ ಮೊದಲಾದವು ಇದರ ಉಪನದಿಗಳು. ಯಡಿಯೂರಿನ ಸಮೀಪದ ಕಗ್ಗೆರೆಯ ಬಳಿ ಹರಿಯುವ ನಾಗಿನಿ ನದಿಯೂ ಇದೇ ಕಣಿವೆಗೆ ಸೇರಿದೆ.

ಜಲವಿಭಜಕ

ತುಮಕೂರು ಜಿಲ್ಲೆಯ ಭೂಗೋಳದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಬಿದ್ದ ಮಳೆ ಮೂರು ಬೇರೆ ಬೇರೆ ನದಿಗಳ ಪಾಲಾಗುತ್ತದೆ. ದೇವರಾಯನದುರ್ಗದಲ್ಲಿಯೇ ಹುಟ್ಟುವ ಜಯಮಂಗಲಿ ನದಿಯು ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟದ ಇನ್ನೊಂದು ಮಗ್ಗುಲಿನ ಶಿಂಷಾ ಕಾವೇರಿಗೆ ಹೋಗುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಉತ್ತರ ಭಾಗದ ನೀರು ಸುವರ್ಣಮುಖಿಯ ಮೂಲಕ ಬೋರನಕಣಿವೆ ಜಲಾಶಯವನ್ನು ತುಂಬಿ, ವೇದಾವತಿ, ತುಂಗಭದ್ರೆಗಳ ದಾರಿಯಿಂದ ಕೃಷ್ಣಾ ನದಿಗೆ ಸೇರುತ್ತದೆ. ಹೀಗೆ ಕೆಲವೇ ಹರದಾರಿಗಳ ಅಂತರದಲ್ಲಿ ಬಿದ್ದ ಹನಿಗಳು ತಮಿಳುನಾಡಿನ ಕರಾವಳಿಯಲ್ಲೋ ಆಂಧ್ರಪ್ರದೇಶದ ಕರಾವಳಿಯಲ್ಲೋ ಕಡಲನ್ನು ಕೂಡುತ್ತವೆ.

ಈ ಜಲವಿಭಜಕದ ಆಸುಪಾಸಿನ ಊರುಗಳಿಗೆ ದೊಡ್ಡ ಹೊಳೆ ಯಾವುದೂ ದೊರಕಿಲ್ಲ. ತಿಪಟೂರಿನ ಉತ್ತರಕ್ಕಿರುವ ಹಾಲ್ಕುರಿಕೆ, ಹೊನ್ನವಳ್ಳಿಗಳ ಸೀಮೆ ಇಂತಹ ಎತ್ತರದ ನೆಲ. ಮೇಲಿನಿಂದ ಹರಿದು ಬರುವ ನೀರು ಇಲ್ಲಿ ಕಡಿಮೆ, ಕೆಳಕ್ಕೆ ಹರಿದು ಹೋಗುವ ನೀರೇ ಹೆಚ್ಚು. ಆದ್ದರಿಂದ ತಮ್ಮ ನೆಲದಲ್ಲಿ ಬಿದ್ದ ಮಳೆಯನ್ನು ಹರಿದು ಹೋಗುವ ಮೊದಲೇ ತಡೆದು ನಿಲ್ಲಿಸುವುದು ಈ ಊರುಗಳಿಗೆ ಅನಿವಾರ್ಯವಾಯಿತು. ಹಾಲ್ಕುರಿಕೆಯ ಕೆರೆಯಾಗಲಿ, ದಕ್ಷಿಣದ ನೊಣವಿನಕೆರೆಯಾಗಲಿ, ತುರುವೇಕೆರೆಯ ಬಳಿಯ ಮಲ್ಲಾಘಟ್ಟದ ಕೆರೆಯಾಗಲಿ ಈ ಅಗತ್ಯದ ಫಲಗಳು. ತುರುವೇಕೆರೆ, ನೊಣವಿನಕೆರೆ ಎಂಬ ಹೆಸರುಗಳಲ್ಲಿ ‘ಕೆರೆ’ ಇರುವುದೂ ಈ ಕಾರಣದಿಂದಲೇ.

ನೆಲ ಮತ್ತು ಹವೆ

ತಿಪಟೂರು ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 860 ಮೀಟರ್, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿಗಳು ಸುಮಾರು 800 ಮೀಟರ್ ಎತ್ತರದಲ್ಲಿವೆ. ನೆಲವು ಬಹುಪಾಲು ಕೆಂಪು ಮಣ್ಣಿನದು. ತಗ್ಗು ಪ್ರದೇಶಗಳಲ್ಲಿ ಮತ್ತು ಕೆರೆಯ ಹಿಂದಿನ ಬಯಲುಗಳಲ್ಲಿ ಜೇಡಿ ಬೆರೆತ ಫಲವತ್ತಾದ ಮಣ್ಣಿದೆ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ದೊರೆಯುತ್ತದೆ.

ವಾರ್ಷಿಕ ಮಳೆ ಸುಮಾರು 600ರಿಂದ 700 ಮಿಲಿಮೀಟರ್. ಅದು ಎರಡು ಕಂತುಗಳಲ್ಲಿ ಬರುತ್ತದೆ. ಏಪ್ರಿಲ್, ಮೇ ತಿಂಗಳುಗಳ ಗುಡುಗು ಮಳೆಗೆ ರೈತರು ಹೆಸರು, ಅಲಸಂದೆ ಬಿತ್ತುತ್ತಾರೆ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಳೆ ರಾಗಿಯನ್ನು ಬೆಳೆಸಿ ಕೆರೆಗಳನ್ನು ತುಂಬಿಸುತ್ತದೆ. ನಡುವಿನ ಜೂನ್, ಜುಲೈ ತಿಂಗಳುಗಳಲ್ಲಿ ಪಶ್ಚಿಮ ಘಟ್ಟದಲ್ಲಿ ಧಾರಾಕಾರವಾಗಿ ಸುರಿಯುವ ಮುಂಗಾರು, ಘಟ್ಟದ ಮಳೆನೆರಳಿನಲ್ಲಿರುವ ಈ ಸೀಮೆಗೆ ತುಂತುರಾಗಿ ಮಾತ್ರ ತಲುಪುತ್ತದೆ. ಹಿಂಗಾರಿನ ಒಂದೆರಡು ಜೋರು ಮಳೆ ತಪ್ಪಿದರೆ ಆ ವರ್ಷ ಕೆರೆ ತುಂಬುವುದಿಲ್ಲ.

ಇತಿಹಾಸ

ಪ್ರಾಚೀನ ಕಾಲ

ಈ ಪ್ರದೇಶವು ಗಂಗವಾಡಿ ಮತ್ತು ನೊಳಂಬವಾಡಿಗಳ ನಡುವಿನ ನೆಲ. ಕಡಬದಲ್ಲಿ ದೊರೆತ ತಾಮ್ರಶಾಸನವು ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಕಾಲದ್ದೆಂದು ಹೇಳಿಕೊಳ್ಳುತ್ತದೆ. 9ನೇ ಶತಮಾನದ ಆರಂಭದ ಈ ಶಾಸನವು ಅರ್ಕಕೀರ್ತಿ ಎಂಬ ಜೈನ ಮುನಿಗೆ ಜಲಮಂಗಲ ಎಂಬ ಗ್ರಾಮವನ್ನು ದತ್ತಿ ಕೊಟ್ಟ ಸಂಗತಿಯನ್ನು ತಿಳಿಸುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯವು ಗಂಗ-ನೊಳಂಬ ಕಾಲದ ಶಿಲ್ಪಕ್ಕೆ ಪ್ರಸಿದ್ಧವಾಗಿದೆ. ಅದರ ಒಳಮಾಳಿಗೆಯಲ್ಲಿ ನಾಟ್ಯವಾಡುವ ಶಿವನನ್ನು ಅಷ್ಟದಿಕ್ಪಾಲಕರು ಸುತ್ತುವರಿದಿರುವ ಕೆತ್ತನೆಯಿದೆ. ಈ ಭಾಗದ ನೊಣಬ ಲಿಂಗಾಯತರ ಹೆಸರನ್ನು ನೊಳಂಬವಾಡಿಯೊಂದಿಗೆ, ಗಂಗಡಿಕಾರ ಒಕ್ಕಲಿಗರ ಹೆಸರನ್ನು ಗಂಗವಾಡಿಯೊಂದಿಗೆ ವಿದ್ವಾಂಸರು ಜೋಡಿಸುತ್ತಾರೆ. ಅಳಿದುಹೋದ ಎರಡು ರಾಜ್ಯಗಳು ಇಂದಿಗೂ ಒಕ್ಕಲು ಮಕ್ಕಳ ಹೆಸರುಗಳಲ್ಲಿ ಉಳಿದುಕೊಂಡಿವೆ.

ಹೊಯ್ಸಳರ ಕಾಲ

12 ಮತ್ತು 13ನೇ ಶತಮಾನಗಳು ಕಣಿವೆಯ ಸಮೃದ್ಧಿಯ ಕಾಲ. ತುರುವೇಕೆರೆಯು ಅಗ್ರಹಾರವಾಗಿ ಬೆಳೆದುದು ಹೊಯ್ಸಳರ ಆಳ್ವಿಕೆಯಲ್ಲಿ. ಅಲ್ಲಿನ ಚೆನ್ನಿಗರಾಯ ಮತ್ತು ಮೂಲೆ ಶಂಕರೇಶ್ವರ ದೇವಾಲಯಗಳು 13ನೇ ಶತಮಾನದವು. ತುರುವೇಕೆರೆ ತಾಲ್ಲೂಕಿನ ನಾಗಲಾಪುರದಲ್ಲಿ ಚೆನ್ನಕೇಶವ ಹಾಗೂ ಕೇದಾರೇಶ್ವರ ದೇವಾಲಯಗಳೂ, ತಿಪಟೂರು ತಾಲ್ಲೂಕಿನ ವಿಘ್ನಸಂತೆಯಲ್ಲಿ ಲಕ್ಷ್ಮೀನರಸಿಂಹ ದೇವಾಲಯವೂ, ಅರಳಗುಪ್ಪೆಯಲ್ಲಿ ಚೆನ್ನಕೇಶವ ದೇವಾಲಯವೂ ಇದೇ ಪರಂಪರೆಗೆ ಸೇರಿವೆ.

ಅಗ್ರಹಾರ, ದೇವಾಲಯ, ಕೆರೆ ಇವು ಬೇರೆ ಬೇರೆಯಲ್ಲ, ಒಂದೇ ವ್ಯವಸ್ಥೆಯ ಮೂರು ಅಂಗಗಳು. ಕೆರೆಯ ಕೆಳಗಿನ ಗದ್ದೆಯ ಹುಟ್ಟುವಳಿಯಿಂದ ದೇವಾಲಯದ ನೈವೇದ್ಯ, ಅಗ್ರಹಾರದ ವಿದ್ಯೆ ನಡೆಯುತ್ತಿದ್ದವು. ಅವು ನಡೆಯಬೇಕಾದರೆ ಕೆರೆ ಉಳಿಯಬೇಕಿತ್ತು. ಆದ್ದರಿಂದಲೇ ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೆ, ಅದನ್ನು ದುರಸ್ತಿಯಲ್ಲಿಡುವವರಿಗೆ ಭೂಮಿಯನ್ನೋ ಹುಟ್ಟುವಳಿಯ ಪಾಲನ್ನೋ ಬಿಟ್ಟುಕೊಡುವ ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂಬ ಪದ್ಧತಿಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ.

ಪಾಳೆಯಗಾರರ ಕಾಲ

ವಿಜಯನಗರದ ಕಾಲದಲ್ಲಿಯೂ ಅನಂತರವೂ ಈ ಸೀಮೆಯ ಗಣನೀಯ ಭಾಗ ಹಾಗಲವಾಡಿಯ ನಾಯಕರ ಅಧೀನದಲ್ಲಿತ್ತು. ಹಾಗಲವಾಡಿ ಇಂದು ಗುಬ್ಬಿ ತಾಲ್ಲೂಕಿನ ಒಂದು ಗ್ರಾಮ. ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದುದು ಈ ಮನೆತನದ ಚಿಕ್ಕನಾಯಕನಿಂದ. 17ನೇ ಶತಮಾನದ ಉತ್ತರಾರ್ಧದಿಂದ ಮೈಸೂರು ಒಡೆಯರ ಅಧಿಕಾರ ಇತ್ತ ವಿಸ್ತರಿಸಿತು. 18ನೇ ಶತಮಾನದಲ್ಲಿ ಪಾಳೆಯಪಟ್ಟು ಮೈಸೂರಿನಲ್ಲಿ ಲೀನವಾಯಿತು.

ಮೈಸೂರು ಸಂಸ್ಥಾನದ ಕಾಲ

1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. ಆ ಅವಧಿಯ ಕೊನೆಯಲ್ಲಿ, 1876–78ರಲ್ಲಿ ಬಂದ ಮಹಾಕ್ಷಾಮವು ಸಂಸ್ಥಾನದ ಬಯಲುಸೀಮೆಯನ್ನೆಲ್ಲ ಧ್ವಂಸಮಾಡಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಕೆರೆಗಳನ್ನೇ ನಂಬಿದ ನಾಡಿನಲ್ಲಿ ಸತತವಾಗಿ ಮಳೆ ತಪ್ಪಿದರೆ ಆಗುವ ಅನಾಹುತಕ್ಕೆ ಈ ಅಂಕಿಗಳು ಸಾಕ್ಷಿ.

1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರುಗಳ ಮೂಲಕ ಹರಿಹರದತ್ತ ರೈಲುದಾರಿ ಹಾಕಲಾಯಿತು. ಇದರಿಂದ ಕಣಿವೆಯ ವ್ಯಾಪಾರದ ಗತಿಯೇ ಬದಲಾಯಿತು. ಎತ್ತಿನ ಗಾಡಿಯಲ್ಲಿ ಸಂತೆಯಿಂದ ಸಂತೆಗೆ ಹೋಗುತ್ತಿದ್ದ ತೆಂಗಿನಕಾಯಿ, ಕೊಬ್ಬರಿಗಳು ರೈಲಿನಲ್ಲಿ ಉತ್ತರ ಭಾರತದ ಮಾರುಕಟ್ಟೆಗಳನ್ನು ತಲುಪುವಂತಾಯಿತು. ರೈಲುನಿಲ್ದಾಣವಿದ್ದ ತಿಪಟೂರು ಕೊಬ್ಬರಿಯ ಪೇಟೆಯಾಗಿ ಬೆಳೆಯಲು ಇದು ಮುಖ್ಯ ಕಾರಣ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಶಿಂಷಾ ನದಿಗೆ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟು ನಿರ್ಮಾಣವಾಯಿತು. ನಡುವೆ ಕಲ್ಲಿನ ಕಟ್ಟಡ, ಎರಡೂ ಬದಿಗಳಲ್ಲಿ ಮಣ್ಣಿನ ಏರಿ ಇರುವ ಈ ಅಣೆಕಟ್ಟಿನ ವಿಶೇಷವೆಂದರೆ ಅದರ ಸ್ವಯಂಚಾಲಿತ ಸೈಫನ್ ವ್ಯವಸ್ಥೆ. ನೀರು ನಿಗದಿತ ಮಟ್ಟವನ್ನು ಮೀರಿದೊಡನೆ, ಯಾರೂ ಬಾಗಿಲು ತೆರೆಯದೆಯೇ, ಹೆಚ್ಚುವರಿ ನೀರು ಸೈಫನ್ನುಗಳ ಮೂಲಕ ತಾನಾಗಿ ಹೊರಹರಿಯುತ್ತದೆ.

ಕೆಳಕಣಿವೆಯಲ್ಲಿ ಮದ್ದೂರಿನ ಬಳಿ ಶಿಂಷಾ ತೀರದ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಡೆದ ಧ್ವಜ ಸತ್ಯಾಗ್ರಹವು ಮೈಸೂರು ಸಂಸ್ಥಾನದ ಸ್ವಾತಂತ್ರ್ಯ ಚಳವಳಿಯ ಮೈಲಿಗಲ್ಲಾಯಿತು.

ಕೆರೆ ವ್ಯವಸ್ಥೆ

ಕಣಿವೆಯ ಕೆರೆಗಳು ಬಿಡಿಬಿಡಿಯಾದವುಗಳಲ್ಲ. ಒಂದೇ ಹಳ್ಳದ ಮೇಲೆ ಮೇಲಿನಿಂದ ಕೆಳಕ್ಕೆ ಸಾಲಾಗಿ ಕಟ್ಟಿದ ಸರಣಿ ಕೆರೆಗಳೇ ಹೆಚ್ಚು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಹರಿಯುತ್ತದೆ. ಸಾಲಿನ ತುದಿಯಲ್ಲಿ ನದಿಯಿದೆ. ಹೀಗಾಗಿ ಒಂದೂರಿನ ಏರಿ ಒಡೆದರೆ ಕೆಳಗಿನ ಊರುಗಳಿಗೂ ಅಪಾಯ. ಒಂದೂರಿನವರು ಕೋಡಿಯನ್ನು ಎತ್ತರಿಸಿದರೆ ಕೆಳಗಿನವರಿಗೆ ನೀರಿಲ್ಲ. ಊರೂರುಗಳ ನಡುವಿನ ಹಳೆಯ ವ್ಯಾಜ್ಯಗಳಿಗೂ, ಹಳೆಯ ಒಪ್ಪಂದಗಳಿಗೂ ಮೂಲ ಇಲ್ಲಿದೆ.

ಕೆರೆಯ ಮುಖ್ಯ ಭಾಗಗಳು ಇವು:

ಏರಿ: ನೀರನ್ನು ತಡೆಯುವ ಮಣ್ಣಿನ ದಿಬ್ಬ. ಒಳಮೈಗೆ ಕಲ್ಲು ಕಟ್ಟಿರುತ್ತಾರೆ. ಹಲವೆಡೆ ಏರಿಯೇ ಊರಿನ ರಸ್ತೆ.

ತೂಬು: ಗದ್ದೆಗೆ ನೀರು ಬಿಡುವ ಬಾಗಿಲು. ಹಳೆಯ ತೂಬುಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಮೇಲೆತ್ತಿ ಇಳಿಸುವ ಕೊಂತವಿರುತ್ತದೆ.

ಕೋಡಿ: ತುಂಬಿದ ಮೇಲೆ ಹೆಚ್ಚಾದ ನೀರು ಹೊರಹೋಗುವ ದಾರಿ.

ಅಚ್ಚುಕಟ್ಟು: ಕೆರೆಯ ನೀರು ಉಣ್ಣುವ ಕೆಳಗಿನ ಗದ್ದೆ, ತೋಟಗಳ ಬಯಲು.

ತೂಬು ಎತ್ತುವ, ಸರದಿಯಂತೆ ನೀರು ಹರಿಸುವ ಕೆಲಸ ನೀರುಗಂಟಿಯದು. ಈ ಕಾಯಕವು ಸಾಮಾನ್ಯವಾಗಿ ವಂಶಪಾರಂಪರ್ಯವಾಗಿ ನಡೆಯುತ್ತಿತ್ತು. ಬಹಳ ಊರುಗಳಲ್ಲಿ ಅದನ್ನು ನಿರ್ವಹಿಸುತ್ತಿದ್ದವರು ದಲಿತ ಕುಟುಂಬದವರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನಿರ್ಧರಿಸುತ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಊರಿನ ಅತ್ಯಂತ ಬೆಲೆಬಾಳುವ ವಸ್ತುವನ್ನು ಹಂಚುವ ಹೊಣೆಯನ್ನು, ಬಹುಮಟ್ಟಿಗೆ ಭೂಮಿಯೇ ಇಲ್ಲದವನ ಕೈಗೆ ಒಪ್ಪಿಸಿದ್ದ ವ್ಯವಸ್ಥೆ ಇದು. ಸ್ವಂತ ಗದ್ದೆಯಿಲ್ಲದವನು ನೀರಿನಲ್ಲಿ ಪಕ್ಷಪಾತ ಮಾಡಲಾರ ಎಂಬ ನಂಬಿಕೆ ಇದರ ಹಿಂದೆ ಇತ್ತೆನ್ನಬಹುದು. ಆದರೆ ಅದೇ ಊರಿನಲ್ಲಿ ಅವನಿಗೆ ಸಮಾನ ಸ್ಥಾನವಿರಲಿಲ್ಲ ಎಂಬುದೂ ಅಷ್ಟೇ ಸತ್ಯ.

ಕೆರೆಯಿಂದ ದೊರೆಯುತ್ತಿದ್ದುದು ನೀರು ಮಾತ್ರವಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಗೋಡುಮಣ್ಣನ್ನು ಅಗೆದು ಗಾಡಿಗಳಲ್ಲಿ ತೋಟಗಳಿಗೆ ಹೊಡೆಯುತ್ತಿದ್ದರು. ಹೊಲಗಳಿಂದ ಕೊಚ್ಚಿಬಂದ ಸಾರ ಇದರಿಂದ ಮತ್ತೆ ಭೂಮಿಗೆ ಸೇರುತ್ತಿತ್ತು, ಜೊತೆಗೆ ಕೆರೆಯ ಹೂಳೂ ತೆಗೆದಂತಾಗುತ್ತಿತ್ತು. ಏರಿಯ ಕೆಳಗಿನ ಬಾವಿಗಳಲ್ಲಿ ಕೆರೆಯ ಬಸಿನೀರು ನಿಲ್ಲುತ್ತಿದ್ದುದರಿಂದ ಕಪಿಲೆ, ಏತಗಳಿಂದ ನೀರೆತ್ತಿ ಬೇಸಿಗೆಯನ್ನು ದಾಟಿಸುವುದು ಸಾಧ್ಯವಾಗುತ್ತಿತ್ತು. ಮೀನು ಹಿಡಿಯುವವರಿಗೆ, ಬಟ್ಟೆ ಒಗೆಯುವವರಿಗೆ, ಮಡಕೆ ಮಾಡುವವರಿಗೆ, ದನಗಾಹಿಗಳಿಗೆ ಕೆರೆಯಲ್ಲಿ ತಮ್ಮ ತಮ್ಮ ಪಾಲಿತ್ತು.

ತೆಂಗು ಮತ್ತು ಕೊಬ್ಬರಿ

ತೆಂಗು ಸ್ವಭಾವತಃ ಕರಾವಳಿಯ, ಹೆಚ್ಚು ಮಳೆಯ ಬೆಳೆ. ಸಮುದ್ರದಿಂದ ಬಹುದೂರದ, 800 ಮೀಟರ್ ಎತ್ತರದ, ಅಲ್ಪ ಮಳೆಯ ನೆಲದಲ್ಲಿ ಅದು ನೆಲೆಯೂರಿದುದಕ್ಕೆ ಕೆರೆಗಳೇ ಕಾರಣ. ಮೊದಲಿಗೆ ತೆಂಗು ಅಚ್ಚುಕಟ್ಟಿನ ಅಂಚಿನಲ್ಲಿ, ಹಳ್ಳದ ದಡಗಳಲ್ಲಿ, ಬಸಿನೀರು ತಾಗುವ ತಗ್ಗುಗಳಲ್ಲಿ ಬೆಳೆಯಿತು. ಕೊಳವೆಬಾವಿಗಳು ಬಂದ ಮೇಲೆ ಏರುನೆಲದ ಹೊಲಗಳಿಗೂ ಹಬ್ಬಿತು. ಇಲ್ಲಿನ ಎತ್ತರದ ತಳಿಯನ್ನು ಕೃಷಿ ವಿಜ್ಞಾನಿಗಳು ‘ತಿಪಟೂರು ಟಾಲ್’ ಎಂಬ ಹೆಸರಿನಿಂದ ಗುರುತಿಸುತ್ತಾರೆ. ತಿಪಟೂರಿನ ಬಳಿಯ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಅಲ್ಲಿಯೇ ಅಮೃತಮಹಲ್ ತಳಿಯ ರಾಸುಗಳ ಸಂವರ್ಧನಾ ಕೇಂದ್ರವೂ ಇದೆ.

ಕರಾವಳಿಯ ಕೊಬ್ಬರಿಗೂ ಇಲ್ಲಿನ ಕೊಬ್ಬರಿಗೂ ವ್ಯತ್ಯಾಸವಿದೆ. ಕೇರಳ ಮೊದಲಾದೆಡೆ ಕಾಯಿಯನ್ನು ಒಡೆದು, ಹೋಳುಗಳನ್ನು ಬಿಸಿಲಿನಲ್ಲೋ ಗೂಡಿನಲ್ಲೋ ಒಣಗಿಸಿ, ಎಣ್ಣೆ ತೆಗೆಯುವ ಕೊಬ್ಬರಿಯನ್ನು ಮಾಡುತ್ತಾರೆ. ತಿಪಟೂರು ಸೀಮೆಯದು ಉಂಡೆ ಕೊಬ್ಬರಿ. ಚೆನ್ನಾಗಿ ಬಲಿತ ಕಾಯಿಗಳನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹರಡಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಅಲುಗಾಡಿಸಿದಾಗ ಒಳಗೆ ಉಂಡೆ ಉರುಳುವ ಸದ್ದು ಕೇಳಿದರೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಅನಂತರ ಸಿಪ್ಪೆ ಸುಲಿದು, ಉಂಡೆಗೆ ಪೆಟ್ಟಾಗದಂತೆ ಚಿಪ್ಪನ್ನು ಬಿಡಿಸುತ್ತಾರೆ. ಒಣ ಹವೆಯಿಲ್ಲದ ಕರಾವಳಿಯಲ್ಲಿ ಹೀಗೆ ವರ್ಷಗಟ್ಟಲೆ ಇಟ್ಟರೆ ಕಾಯಿ ಕೆಡುತ್ತದೆ. ಕೃಷಿಗೆ ಕಷ್ಟ ತಂದೊಡ್ಡಿದ ಅಲ್ಪ ಮಳೆ, ಒಣಗಾಳಿಗಳೇ ಇಲ್ಲಿ ಕೊಬ್ಬರಿಗೆ ಅನುಕೂಲವಾಗಿವೆ.

ಎಣ್ಣೆಗಿಂತ ತಿನ್ನಲು, ಸಿಹಿತಿಂಡಿಗೆ, ಪೂಜೆ ಹಾಗೂ ಮದುವೆಯ ಶುಭಕಾರ್ಯಗಳಿಗೆ ಉಂಡೆ ಕೊಬ್ಬರಿಯ ಬಳಕೆ ಹೆಚ್ಚು. ಉತ್ತರ ಭಾರತದ ರಾಜ್ಯಗಳು ಇದರ ದೊಡ್ಡ ಗ್ರಾಹಕರು. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ವಾರಕ್ಕೆ ಎರಡು ದಿನ ನಡೆಯುವ ಹರಾಜಿನ ದರವೇ ಸುತ್ತಲಿನ ಸೀಮೆಗೆಲ್ಲ ಅಳತೆಗೋಲು. ತೆಂಗಿನ ಪುಡಿ ತಯಾರಿಕೆ, ನಾರಿನ ಉದ್ಯಮ, ಚಿಪ್ಪಿನಿಂದ ಇದ್ದಿಲು ಮಾಡುವ ಘಟಕಗಳು ಇದನ್ನೇ ಅವಲಂಬಿಸಿವೆ.

ಈ ಪದ್ಧತಿಯಲ್ಲಿ ಬೆಳೆಗಾರನಿಗೆ ಒಂದು ಇಕ್ಕಟ್ಟಿದೆ. ಕಾಯಿಯನ್ನು ಎಳನೀರಾಗಿ, ಬಲಿತ ಕಾಯಾಗಿ ಅಥವಾ ಕೊಬ್ಬರಿಯಾಗಿ ಮಾರಬಹುದು. ಕೊಬ್ಬರಿಗೆಂದು ಅಟ್ಟಕ್ಕೆ ಏರಿಸಿದವನು ಸುಮಾರು ಒಂದು ವರ್ಷದ ಅನಂತರದ ಬೆಲೆಯನ್ನು ಇಂದೇ ನಂಬಿ ಕೂರಬೇಕು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 2023ರಲ್ಲಿ 11,750 ರೂಪಾಯಿ, 2024ರಲ್ಲಿ 12,000 ರೂಪಾಯಿ, 2025ರಲ್ಲಿ 12,100 ರೂಪಾಯಿ ಬೆಂಬಲ ಬೆಲೆ ನಿಗದಿ ಮಾಡಿತು. 2023ರಲ್ಲಿ ಮಾರುಕಟ್ಟೆಯ ದರ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಕುಸಿದು ರೈತರು ಬೀದಿಗಿಳಿದರು. ಎರಡೇ ವರ್ಷಗಳಲ್ಲಿ, 2025ರಲ್ಲಿ, ದರ ಬೆಂಬಲ ಬೆಲೆಯ ದುಪ್ಪಟ್ಟನ್ನು ಮೀರಿತು. ಆದರೆ ಅಷ್ಟರಲ್ಲಿ ಇಳುವರಿ ಕುಸಿದಿತ್ತು, ಅನೇಕರು ಕಾಯಿಯನ್ನು ಎಳನೀರಿಗೆ ಕೊಟ್ಟಿದ್ದರು. ಬೆಲೆ ಬಂದಾಗ ಅಟ್ಟದಲ್ಲಿ ಕಾಯಿ ಇರಲಿಲ್ಲ, ಕಾಯಿ ಇದ್ದಾಗ ಬೆಲೆ ಇರಲಿಲ್ಲ ಎಂಬುದು ಈ ಸೀಮೆಯ ಬೆಳೆಗಾರರ ಸಾಮಾನ್ಯ ಅನುಭವ.

ಜನಜೀವನ

ಕಣಿವೆಯ ಮುಖ್ಯ ಭಾಷೆ ಕನ್ನಡ. ಲಿಂಗಾಯತರು, ಒಕ್ಕಲಿಗರು, ಕುರುಬರು, ಗೊಲ್ಲರು, ತಿಗಳರು, ಉಪ್ಪಾರರು, ಬೆಸ್ತರು, ದಲಿತ ಸಮುದಾಯಗಳು, ಬ್ರಾಹ್ಮಣರು, ಜೈನರು ಮತ್ತು ಮುಸ್ಲಿಮರು ಇಲ್ಲಿ ನೆಲೆಸಿದ್ದಾರೆ. ಗೊಲ್ಲರು ಊರ ಹೊರಗಿನ ಹಟ್ಟಿಗಳಲ್ಲಿ ಕುರಿ, ಮೇಕೆ ಸಾಕುತ್ತ ಬಂದವರು. ತಿಗಳರು ತೋಟಗಾರಿಕೆಗೆ ಹೆಸರಾದವರು. ಏರಿಗೆ ಮಣ್ಣು ಹಾಕುವ, ಬಾವಿ ತೋಡುವ ಕೆಲಸದಲ್ಲಿ ಉಪ್ಪಾರರು, ಭೋವಿಗಳು ನಿಪುಣರು.

ರಾಗಿ ಮುಖ್ಯ ಆಹಾರ. ರಾಗಿಮುದ್ದೆ, ಅವರೆ, ಹುರುಳಿ, ಹೆಸರುಕಾಳುಗಳ ಸಾರು ನಿತ್ಯದ ಊಟ. ತೆಂಗಿನ ತೋಟದ ನಡುವೆ ಬಾಳೆ, ಅಡಿಕೆ, ವೀಳ್ಯದೆಲೆಗಳನ್ನೂ, ನೀರಿಲ್ಲದ ಕಡೆ ಹುರುಳಿ, ರಾಗಿಗಳನ್ನೂ ಬೆಳೆಯುತ್ತಾರೆ. ಹಾಲು ಮಾರಾಟವು ಸಣ್ಣ ರೈತರ ಕೈಗೆ ನಿಯಮಿತವಾಗಿ ಹಣ ತರುವ ಕಸುಬು.

ಕೆರೆ ತುಂಬಿ ಕೋಡಿ ಬಿದ್ದ ದಿನ ಊರಿಗೆ ಹಬ್ಬ. ಹೆಂಗಸರು ಗಂಗಾಪೂಜೆ ಮಾಡಿ ಬಾಗಿನ ಅರ್ಪಿಸುತ್ತಾರೆ. ದೊಡ್ಡ ಕೆರೆಗಳಲ್ಲಿ ದೇವರ ತೆಪ್ಪೋತ್ಸವವೂ ನಡೆಯುತ್ತದೆ. ಹಲವು ವರ್ಷ ಬತ್ತಿದ್ದ ಕೆರೆ ತುಂಬಿದಾಗ, ಬೆಂಗಳೂರು ಸೇರಿದ ಮಕ್ಕಳೂ ಅದನ್ನು ನೋಡಲು ಊರಿಗೆ ಬರುತ್ತಾರೆ.

ಧರ್ಮ ಮತ್ತು ಸಾಹಿತ್ಯ

ಕಣಿವೆಯ ಧಾರ್ಮಿಕ ಪರಂಪರೆಯಲ್ಲಿ ತೋಂಟದ ಸಿದ್ಧಲಿಂಗ ಯತಿಗಳಿಗೆ ವಿಶೇಷ ಸ್ಥಾನವಿದೆ. ವಿಜಯನಗರದ ಕಾಲದಲ್ಲಿದ್ದ ಇವರು ನಾಗಿನಿ ನದಿಯ ಬಳಿಯ ಕಗ್ಗೆರೆಯ ಒಂದು ತೋಟದಲ್ಲಿ ದೀರ್ಘಕಾಲ ತಪಸ್ಸು ಮಾಡಿದರೆಂಬ ಪ್ರತೀತಿಯಿದೆ. ‘ತೋಂಟದ’ ಎಂಬ ವಿಶೇಷಣ ಬಂದುದು ಹೀಗೆ. ಇವರು ಸುಮಾರು 700 ವಚನಗಳನ್ನು ರಚಿಸಿದರು. ಬಸವೋತ್ತರ ಕಾಲದಲ್ಲಿ ವಚನ ಪರಂಪರೆಗೆ ಮರುಜೀವ ಕೊಟ್ಟವರಲ್ಲಿ ಇವರು ಪ್ರಮುಖರು. ಇವರ ಸಮಾಧಿಯಿರುವ ಯಡಿಯೂರು ದೊಡ್ಡ ಯಾತ್ರಾಸ್ಥಳ.

16ನೇ ಶತಮಾನದ ವೀರಶೈವ ಕವಿ ಗುಬ್ಬಿಯ ಮಲ್ಲಣಾರ್ಯ ‘ಭಾವಚಿಂತಾರತ್ನ’, ‘ವೀರಶೈವಾಮೃತ ಪುರಾಣ’ಗಳ ಕರ್ತೃ. ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ನಾಟಕ ಮಂಡಳಿಯು ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ಕನ್ನಡ ವೃತ್ತಿರಂಗಭೂಮಿಯ ಅತಿ ಪ್ರಸಿದ್ಧ ಕಂಪನಿಯಾಯಿತು. ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು.

ಹೇಮಾವತಿಯ ನೀರು

ಹಾಸನ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಎಡದಂಡೆಯ ನೀರನ್ನು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದ ಮೂಲಕ ತುಮಕೂರು ಜಿಲ್ಲೆಗೆ ತರಲಾಗಿದೆ. ಈ ನೀರು ತಿಪಟೂರು, ತುರುವೇಕೆರೆ, ಗುಬ್ಬಿ, ತುಮಕೂರು ತಾಲ್ಲೂಕುಗಳ ಅನೇಕ ಕೆರೆಗಳಿಗೆ ಹರಿಯುತ್ತದೆ. ಹೇಮಾವತಿ, ಶಿಂಷಾ ಎರಡೂ ಕಾವೇರಿಯ ಉಪನದಿಗಳೇ. ಆದ್ದರಿಂದ ಈ ನೀರಿನ ಲೆಕ್ಕವು ಕಾವೇರಿ ಜಲವಿವಾದದ ಲೆಕ್ಕದೊಳಗೇ ಬರುತ್ತದೆ. 2018ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕದ ಪಾಲು 284.75 ಟಿಎಂಸಿ ಅಡಿ. ಅದರೊಳಗೇ ಜಿಲ್ಲೆ ಜಿಲ್ಲೆಗಳು, ತಾಲ್ಲೂಕು ತಾಲ್ಲೂಕುಗಳು ತಮ್ಮ ಪಾಲನ್ನು ಹುಡುಕಿಕೊಳ್ಳಬೇಕಾಗಿದೆ.

ಕಾಲುವೆ ತಗ್ಗಿನಲ್ಲಿ ಹರಿಯುತ್ತದೆ. ಎತ್ತರದಲ್ಲಿರುವ ಹೊನ್ನವಳ್ಳಿ ಹೋಬಳಿಯಂತಹ ಪ್ರದೇಶಗಳಿಗೆ ನೀರನ್ನು ಯಂತ್ರಗಳಿಂದ ಮೇಲೆತ್ತಬೇಕು. ಅದಕ್ಕಾಗಿ ಏತ ನೀರಾವರಿ ಯೋಜನೆಗಳನ್ನು ರೂಪಿಸಲಾಗಿದೆ. ಇತ್ತೀಚಿನ ವರ್ಷಗಳಲ್ಲಿ ಹೇಮಾವತಿ ನಾಲೆಯಿಂದ ಕುಣಿಗಲ್ ಮತ್ತು ರಾಮನಗರದ ಕಡೆಗೆ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಪ್ರಸ್ತಾಪಕ್ಕೆ ಗುಬ್ಬಿ, ತುರುವೇಕೆರೆ, ತುಮಕೂರು ಭಾಗದ ರೈತರು ತೀವ್ರ ವಿರೋಧ ವ್ಯಕ್ತಪಡಿಸಿದ್ದಾರೆ. ಕುಣಿಗಲ್ ಭಾಗದವರು ತಮಗೆ ನ್ಯಾಯವಾಗಿ ಬರಬೇಕಾದ ನೀರು ಇದುವರೆಗೆ ತಲುಪಿಲ್ಲವೆಂದು ವಾದಿಸುತ್ತಾರೆ. ಸರಣಿ ಕೆರೆಗಳ ಕಾಲದಲ್ಲಿ ಎರಡು ಊರುಗಳ ನಡುವೆ ಇದ್ದ ಮೇಲಿನವರು–ಕೆಳಗಿನವರು ಎಂಬ ಹಳೆಯ ಪ್ರಶ್ನೆ ಈಗ ತಾಲ್ಲೂಕುಗಳ ನಡುವೆ ನಿಂತಿದೆ. ಪಶ್ಚಿಮ ಘಟ್ಟದಿಂದ ನೀರು ತರುವ ಎತ್ತಿನಹೊಳೆ ಯೋಜನೆಯ ಕಾಲುವೆಯೂ ತುಮಕೂರು ಜಿಲ್ಲೆಯ ಮೂಲಕ ಸಾಗುತ್ತದೆ. ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಗೊಂಡಿತು.

ಇಂದಿನ ಸಮಸ್ಯೆಗಳು

ಅಂತರ್ಜಲ: ಕೊಳವೆಬಾವಿಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತಿದವು. ಕೆರೆಯ ನೀರಿಗಾಗಿ ಕಾಯಬೇಕಾದ ಅಗತ್ಯ ತಪ್ಪಿದಾಗ ಕೆರೆಯನ್ನು ಕಾಯಬೇಕೆಂಬ ಆಸ್ಥೆಯೂ ಕುಗ್ಗಿತು. ನೀರುಗಂಟಿಯ ಕಾಯಕ ಹೆಚ್ಚಿನ ಊರುಗಳಲ್ಲಿ ನಿಂತುಹೋಗಿದೆ. ಗೋಡು ಹೊಡೆಯುವುದು ಅಪರೂಪವಾಗಿದೆ. ಆದರೆ ಕೊಳವೆಬಾವಿಗೆ ನೀರು ಇಂಗುವುದೂ ಅದೇ ಕೆರೆಯಿಂದ ಎಂಬುದು ಸತತ ಬರಗಾಲಗಳಲ್ಲಿ ಅರಿವಿಗೆ ಬಂದಿದೆ. ಈಚೆಗೆ ಕೆಲವು ಊರುಗಳಲ್ಲಿ ಜನರೇ ಸೇರಿ ಹೂಳೆತ್ತುವ ಕಾರ್ಯ ನಡೆದಿದೆ.

ತೆಂಗಿನ ರೋಗ ಮತ್ತು ಕೀಟ: ನೀರಿನ ಕೊರತೆಯಿಂದ ಸೊರಗಿದ ಮರಗಳಿಗೆ ರೋಗ ಬೇಗ ತಗಲುತ್ತದೆ. ಬೇರು ಕೊಳೆಸುವ ಅಣಬೆ ರೋಗ, ಕಾಂಡ ಸೋರುವ ರೋಗ, ಕಪ್ಪುತಲೆ ಹುಳು ಇವು ಹಳೆಯ ಶತ್ರುಗಳು. 1990ರ ದಶಕದ ಕೊನೆಯಲ್ಲಿ ಕೇರಳದಲ್ಲಿ ಮೊದಲು ಕಾಣಿಸಿಕೊಂಡ ನುಸಿಪೀಡೆ ಬೇಗನೆ ಇಲ್ಲಿಗೂ ಹಬ್ಬಿ ಕಾಯಿಯ ಗಾತ್ರವನ್ನು ಕುಗ್ಗಿಸಿತು. ಕಳೆದ ದಶಕದಲ್ಲಿ ಬಿಳಿನೊಣದ ಬಾಧೆಯೂ ಸೇರಿಕೊಂಡಿದೆ. ತೆಂಗು ಫಲಕ್ಕೆ ಬರಲು ಹಲವು ವರ್ಷ ಬೇಕು. ಒಂದು ಮರ ಸತ್ತರೆ ಹೋಗುವುದು ಒಂದು ವರ್ಷದ ಬೆಳೆಯಲ್ಲ, ಒಂದು ತಲೆಮಾರಿನ ದುಡಿಮೆ.

ಗಣಿಗಾರಿಕೆ: ಚಿಕ್ಕನಾಯಕನಹಳ್ಳಿಯ ಗುಡ್ಡಗಳಲ್ಲಿ ನಡೆದ ಅದಿರು ಗಣಿಗಾರಿಕೆಯ ಧೂಳು ತೋಟಗಳ ಮೇಲೂ, ಮಣ್ಣು ಹಳ್ಳಗಳೊಳಗೂ ಸೇರಿತು. ಅಕ್ರಮಗಳ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿಯ ಅನಂತರ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲಿಯೂ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು.

ವಲಸೆ: ಬೆಂಗಳೂರು ಸಮೀಪದಲ್ಲಿರುವುದರಿಂದ ಯುವಕರು ಉದ್ಯೋಗಕ್ಕಾಗಿ ಅತ್ತ ಹೋಗುತ್ತಿದ್ದಾರೆ. ಮರ ಹತ್ತಿ ಕಾಯಿ ಕೀಳುವವರು, ಕೊಬ್ಬರಿ ಸುಲಿಯುವವರು ಸಿಗುವುದು ದುರ್ಲಭವಾಗಿದೆ. ಅನೇಕ ಮನೆಗಳಲ್ಲಿ ತೋಟ ನೋಡಿಕೊಳ್ಳುತ್ತಿರುವವರು ವಯಸ್ಸಾದ ತಂದೆತಾಯಿಗಳು ಮಾತ್ರ.

ಸಂಪರ್ಕ

ಬೆಂಗಳೂರು–ಅರಸೀಕೆರೆ ರೈಲುಮಾರ್ಗವು ಗುಬ್ಬಿ, ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ತಿಪಟೂರುಗಳನ್ನು ಹಾದುಹೋಗುತ್ತದೆ. ತುಮಕೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 73 ಗುಬ್ಬಿ, ತಿಪಟೂರುಗಳ ಮೂಲಕವೂ, ಬೆಂಗಳೂರು–ಮಂಗಳೂರು ಹೆದ್ದಾರಿ 75 ಕುಣಿಗಲ್, ಯಡಿಯೂರುಗಳ ಮೂಲಕವೂ ಸಾಗುತ್ತವೆ.

ಇವನ್ನೂ ನೋಡಿ

ಶಿಂಷಾ ನದಿ
ಮಾರ್ಕೋನಹಳ್ಳಿ ಜಲಾಶಯ
ತಿಪಟೂರು
ತುರುವೇಕೆರೆ
ಹಾಲ್ಕುರಿಕೆ
ಹೇಮಾವತಿ ನದಿ
ತೋಂಟದ ಸಿದ್ಧಲಿಂಗ ಯತಿ
ತೆಂಗಿನಮರ